ಹಿಂದಕ್ಕೆ ಹೊಡೆದ ಗುಂಡು

ಥಪ್. ಕಡಬದ ರಬ್ಬರ್ ತೋಟದ ಮಣ್ಣುರಸ್ತೆಗೆ ಟೆನ್ನಿಸ್ ಬಾಲ್ ಬಿದ್ದ ಆ ಸದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನೆರೆಯ ತೋಟದವರ ಮಗಳಿಗೆ ವಾಯುಸೇನೆಯ ಪೈಲಟ್ ಆಗುವ ಆಸೆ. ನಾನು ರಿಟೈರಾದ ಫಿಸಿಕ್ಸ್ ಟೀಚರ್. ಸಂಜೆ ಪಾಠ ಹೇಳಿಕೊಡುತ್ತಿದ್ದೆ. ಅವಳು ಹೋಗುತ್ತಿದ್ದ ಪುತ್ತೂರಿನ ಕೋಚಿಂಗ್ ಕ್ಲಾಸಿನಲ್ಲಿ ಒಂದು ದಿನ ಪ್ರಶ್ನೆ ಬಂತು: ವಿಮಾನ ಮುಂದಕ್ಕೆ ಹಾರುವಷ್ಟೇ ವೇಗದಲ್ಲಿ ಅದರ ಬಾಲದಿಂದ ಹಿಂದಕ್ಕೆ ಗುಂಡು ಹೊಡೆದರೆ, ನೆಲದ ಮೇಲೆ ನಿಂತವನಿಗೆ ಅದು ಎತ್ತ ಹೋದಂತೆ ಕಾಣುತ್ತದೆ? ಎತ್ತಲೂ ಇಲ್ಲ, ನೇರ ಕೆಳಕ್ಕೆ ಬೀಳುತ್ತದೆ ಎಂದಳು ಇವಳು. ವಿಮಾನ ಕೊಟ್ಟ ಮುಂದಿನ ವೇಗ, ಬಂದೂಕು ಕೊಟ್ಟ ಹಿಂದಿನ ವೇಗ ಎರಡೂ ಕ್ಯಾನ್ಸಲ್. ಉಳಿಯುವುದು ಭೂಮಿಯ ಸೆಳೆತ ಮಾತ್ರ. ಪರ್ಫೆಕ್ಟ್ ಆನ್ಸರ್. ಅಲ್ಲಿಯ ಮಾಸ್ಟ್ರು ಮಾತ್ರ ಇಡೀ ಕ್ಲಾಸು ನಗುವಂತೆ, "ಗುಂಡು ಎಂತ ತೆಂಗಿನಕಾಯಿಯಾ, ಕೆಳಗೆ ಬೀಳ್ಲಿಕ್ಕೆ?" ಎಂದರಂತೆ. ಸಾಲದ್ದಕ್ಕೆ ಅವಳ ಅಪ್ಪನಿಗೆ ಫೋನ್ ಮಾಡಿ, ಇವಳಿಗೆ ಬೇಸಿಕ್ಕೇ ಇಲ್ಲ ಎಂದರು. ಅಪ್ಪ ಕೋಚಿಂಗ್ ಬಿಡಿಸಿ ನರ್ಸಿಂಗಿಗೆ ಹಾಕುವ ಮಾತೆತ್ತಿದರು.

ಅವಳ ಉತ್ತರವೇ ಸರಿ ಎಂದು ನಾನು ಬಾಯಲ್ಲಿ ಹೇಳಿದ್ದನ್ನು ಅವರು ನಂಬಲಿಲ್ಲ. ಸರಿ, ಅವರ ಪಿಕಪ್ಪನ್ನೇ ವಿಮಾನ ಮಾಡಿದೆ. ಅಪ್ಪ ಮೆಲ್ಲಗೆ ಓಡಿಸಿದರು. ಹಿಂದೆ ಲೋಡ್ ಹಾಕುವಲ್ಲಿ ನಿಂತ ಮಗಳು ಗಾಡಿಯ ವೇಗಕ್ಕೆ ಸರಿಯಾಗಿ ಬಾಲನ್ನು ಹಿಂದಕ್ಕೆಸೆದಳು. ರಸ್ತೆ ಬದಿಯಲ್ಲಿದ್ದ ನನ್ನ ಕಣ್ಣೆದುರೇ ಅದು ನೆಟ್ಟಗೆ ಕೆಳಗೆ ಬಿತ್ತು.

ಅಪ್ಪ ಗಾಡಿ ನಿಲ್ಲಿಸಿ, "ಕನ್ನಡಿಯಲ್ಲಿ ಕಂಡೆ ಟೀಚರೇ. ಹಿಂದೆಯೇ ಹೋಯ್ತಲ್ಲ" ಎಂದರು.

"ನೀವು ಗಾಡಿಯೊಟ್ಟಿಗೆ ಮುಂದೆ ಹೋದಿರಿ ಮಾರಾಯ್ರೆ, ಅದಕ್ಕೆ ಹಾಗೆ ಕಾಣುದು. ಇಳಿದು ನಾನು ನಿಂತಲ್ಲಿ ನಿಂತು ನೋಡಿ."

"ಮತ್ತೆ ಗಾಡಿ ಬಿಡುದು ಯಾರು?"

"ನಾನು. ಲೈಸೆನ್ಸ್ ಉಂಟು."

ಅವರು ನಕ್ಕರು. "ಒಳ್ಳೆ ಜೋಡಿ. ಇವಳಿಗೆ ವಿಮಾನ ಬಿಡ್ಬೇಕು, ನಿಮಗೆ ಈ ಪ್ರಾಯದಲ್ಲಿ ಪಿಕಪ್ ಬಿಡ್ಬೇಕು."

ಇಳಿಯಲೇ ಇಲ್ಲ. ಬಾಗಿಲು ತೆರೆದು ರಸ್ತೆ ಬದಿಗೆ ಬರಲಿಕ್ಕೆ ಆ ಮನುಷ್ಯನಿಗೆ ಏನು ಕಷ್ಟವಿತ್ತು? ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸೆಲ್ಲ ಬದಿಗಿಟ್ಟು ಬೈದೆ. ಮಾರನೆಯ ದಿನದಿಂದ ಅವರು ಹುಡುಗಿಯನ್ನು ಪಾಠಕ್ಕೂ ಕಳುಹಿಸಲಿಲ್ಲ. ನರ್ಸಿಂಗ್ ಕೀಳು ಎಂದು ನಾನು ಹೇಳುತ್ತಿಲ್ಲ, ನನ್ನ ತಂಗಿಯೇ ನರ್ಸ್. ಆದರೆ ಈ ಮಗು ಅದನ್ನು ಕೇಳಿರಲಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ಕಡಬದ ಬಸ್‌ಸ್ಟ್ಯಾಂಡಿನಲ್ಲಿ. ನರ್ಸಿಂಗ್ ಕಾಲೇಜಿನ ಹಾಸ್ಟೆಲಿಗೆ ಹೊರಟಿದ್ದಳು, ಬಸ್ಸಿನಲ್ಲಿ ಕಿಟಕಿಯ ಸೀಟು. ರಸ್ತೆಯ ಆಚೆಯಿದ್ದ ನನ್ನನ್ನು ಕಂಡು ಕೈ ಎತ್ತಿದಳು. ಅಷ್ಟರಲ್ಲಿ ಅಪ್ಪ ಬಂದು ಪಕ್ಕದಲ್ಲಿ ಕೂತರು. ಎತ್ತಿದ ಕೈ ಕೂದಲು ಸರಿಮಾಡುವ ಹಾಗೆ ಕೆಳಗಿಳಿಯಿತು.