ನಕ್ಷತ್ರಗಳ ಸೊಟ್ಟ ಕೇರಿ

ನನ್ನ ಮಾವನವರ ಬಲಗೈ ಉಗುರುಗಳು ಕಾಡಿಗೆ ಮೆತ್ತಿದಂತೆ ಕಪ್ಪಗಿದ್ದವು. ಕುಮಟಾ ಪೇಟೆಯಲ್ಲಿ ಅವರದು ಫೋಟೋ ಸ್ಟುಡಿಯೋ. ಫೋಟೋ ಮೂಡಿಸುವ ಗಾಜಿನ ಪ್ಲೇಟು ತೊಳೆಯುವ ಔಷಧದ ಕಲೆ ಅದು, ಎಷ್ಟು ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಪಂಕ್ತಿಯಲ್ಲಿ ನೆಂಟರು ಮೂಗು ಮುರಿದರೆ, “ಬೆಳಕು ಹಿಡಿಯ ಕೈ, ಕಪ್ಪಾಗದೆ ಎಂತ ಆಗ್ತು?” ಎನ್ನುತ್ತಿದ್ದರು.

ಮಕ್ಕಳೇ, ಮುಂದಿನದನ್ನು ಬರೆಯುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮಾಘದ ಅಮಾವಾಸ್ಯೆಯ ಹಿಂದೆಮುಂದೆ, ಕತ್ತಲಾಗುತ್ತಲೇ ಅವರು ಸಮುದ್ರದಂಚಿನ ಗುಡ್ಡಕ್ಕೆ ಕ್ಯಾಮೆರಾ ಹೊರುತ್ತಿದ್ದರು. ಗಂಡುಮಕ್ಕಳಿಬ್ಬರೂ ನಗುತ್ತಿದ್ದರು. ನಾಲ್ಕನೇ ಇಯತ್ತೆ ಓದಿದ ಸೊಸೆ ನಾನು ಜೊತೆಗೆ ಹೋಗುತ್ತಿದ್ದೆ. ದಕ್ಷಿಣದಲ್ಲಿ, ಹೊನ್ನಾವರದ ಕಡೆ, ನೀರಿನಂಚಿನಿಂದ ನಾಲ್ಕೇ ಬೆರಳು ಮೇಲೆ, ಸುಣ್ಣದ ಕೈ ಒರೆಸಿದಂಥ ಒಂದು ಸೊಟ್ಟ ಮಬ್ಬು.

“ಮೋಡ ಅಲ್ಲ ಕೂಸೇ. ಆಕಾಶಗಂಗೆ ನಮ್ಮ ಪೇಟೆ ಆದ್ರೆ ಇದು ಆಚೆಗಿನ ಬೇರೆ ಕೇರಿ. ಸಣ್ಣದು, ಸೊಟ್ಟ. ಆದ್ರೂ ಎಲ್ಲ ನಕ್ಷತ್ರವೇ.”

ನಾನು ಅರವತ್ತು ಎಣಿಸಿದಾಗಲೆಲ್ಲ ಅವರು ಕ್ಯಾಮೆರಾ ಕೂರಿಸಿದ ಹಲಗೆಯ ತಿರುಪನ್ನು ಒಂದು ಸುತ್ತು ತಿರುಗಿಸುತ್ತಿದ್ದರು, ಆಕಾಶ ಸರಿದಂತೆ ಅದೂ ಸರಿಯಲೆಂದು. ನಾಲ್ಕು ವರ್ಷ ಮಂಜು ಎಲ್ಲವನ್ನೂ ಕೆಡಿಸಿತು. ಐದನೆಯ ವರ್ಷ ಒಂದೇ ಒಂದು ಪ್ಲೇಟಿನಲ್ಲಿ ಬಂತು: ಗಾಜಿನ ಮೇಲೆ ಹೆಬ್ಬೆರಳೊತ್ತಿದಷ್ಟು ಬೂದು ಗುರುತು. ಅದನ್ನು ಒಣಗಲು ಇಟ್ಟು ಸ್ನಾನಕ್ಕೆ ಹೋದರು.

ಪ್ಲೇಟಿನ ಕಲೆಗಳನ್ನು ಸಣ್ಣ ಚೂರಿಯಿಂದ ಕೆರೆದು ತಿದ್ದುವುದು ನನ್ನ ಗಂಡನ ಅಣ್ಣ, ಭಾವನವರ ಕೆಲಸ. ನಾನು ಚಹಾ ತಂದಾಗ ಅವರು ಆ ಪ್ಲೇಟಿನ ಮೇಲೆಯೇ ಬಗ್ಗಿದ್ದರು. ಚುಕ್ಕೆಗಳನ್ನು ಜೋಪಾನವಾಗಿ ಬಿಟ್ಟು, ಆ ಗುರುತನ್ನು ಕೆರೆಯುತ್ತಿದ್ದರು. ಅರ್ಧ ಇನ್ನೂ ಉಳಿದಿತ್ತು.

ತಮ್ಮನ ಹೆಂಡತಿ ಭಾವನ ಎದುರು ಮಾತಾಡುವಂತಿರಲಿಲ್ಲ. ಬಳೆ ಸದ್ದು ಮಾಡಿದೆ. ಲೋಟ ಕುಕ್ಕಿದೆ. ಅವರು ತಲೆಯೆತ್ತಲಿಲ್ಲ. ಅತ್ತೆಯನ್ನು ಕರೆತರುವಷ್ಟರಲ್ಲಿ ಗಾಜು ಸ್ವಚ್ಛ.

“ಅಪ್ಪಯ್ಯ, ಎಂತಾ ಕಲೆ ಇತ್ತು! ತೆಗದೆ” ಎಂದು ಭಾವ ಹೆಮ್ಮೆಯಿಂದ ತೋರಿಸಿದರು. ಅದೇನೆಂದು ತಿಳಿದ ಮೇಲೂ ನಕ್ಕರು. “ಸಿಡುಬಿನ ಮೋರೆನೇ ತಿದ್ದಿದ್ದೆ, ಆಕಾಶ ಎಂತ ದೊಡ್ಡದು? ಮುಂದಿನ ವರ್ಷ ಇನ್ನೊಂದು ತೆಗೆದ್ರಾತು.”

ಮಾವನವರು ಪ್ಲೇಟನ್ನು ಕಿಟಕಿಗೆ ಹಿಡಿದರು. “ಒಳ್ಳೆ ಕೈ. ಗೊತ್ತೇ ಆಗ್ತಿಲ್ಲೆ.” ಆಮೇಲೆ ನನ್ನತ್ತ ತಿರುಗಿದರು. “ನೀ ನೋಡ್ತಾ ಇದ್ದಿದ್ಯಾ?”

ತಲೆಯಾಡಿಸಿದೆ.

“ಇನ್ನು ಈ ಮನೆಲಿ ಯಾರೆದುರೂ ಬಾಯಿ ಮುಚ್ಕಂಡು ಇರಡ, ಮಾತಾಡು.”

ಮುಂದಿನ ಮಾಘ ಅವರಿಗೆ ಬರಲಿಲ್ಲ, ಆಷಾಢದಲ್ಲೇ ಹೋದರು. ಚಾಪೆಯ ಮೇಲೆ ಮಲಗಿಸಿದಾಗಲೂ ಆ ಉಗುರುಗಳು ಕಪ್ಪಗೇ ಇದ್ದವು. ಭಾವನ ನಗುವನ್ನು ನಾನು ಕ್ಷಮಿಸಿಲ್ಲ. ಬಾಯಿದ್ದೂ ಲೋಟ ಕುಕ್ಕಿದ ನನ್ನನ್ನಂತೂ ಇಲ್ಲವೇ ಇಲ್ಲ.

ಪ್ಲೇಟು ನನ್ನ ಟ್ರಂಕಿನಲ್ಲಿದೆ. ಬೆಳಕಿಗೆ ಹಿಡಿದರೆ ಬರೀ ಚುಕ್ಕೆಗಳು. ಉಗುರಾಡಿಸಿ ನೋಡಿ, ಒಂದು ಕಡೆ ತರಿತರಿಯಾಗಿ ಹತ್ತುತ್ತದೆ. ಕೇರಿ ಇದ್ದದ್ದು ಅಲ್ಲಿ.