ನನಗಾಗಿ ಆಂಟಿ ಮಾಡಿದ ಪ್ರಾರ್ಥನೆ

ನಮ್ಮ ಚರ್ಚಿನಲ್ಲಿ ಬುಧವಾರ ಮಧ್ಯಾಹ್ನ ಹೆಂಗಸರ ಪ್ರಾರ್ಥನೆ. ವಾರಕ್ಕೊಬ್ಬರ ಮನೆಯಲ್ಲಿ ಸೇರುತ್ತೇವೆ. ಸುತ್ತ ಕೂತು, ಕಣ್ಣು ಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥನೆ ಮಾಡಬೇಕು. ಮಧ್ಯೆ ಬಾಯಿ ಹಾಕೋ ಹಾಗಿಲ್ಲ. ದೇವರ ಹತ್ತಿರ ಆಡಿದ ಮಾತಿಗೆ ಯಾರು ತಾನೇ ಎದುರುತ್ತರ ಕೊಡ್ತಾರೆ? ಇದೇ ಧೈರ್ಯದ ಮೇಲೆ ಒಬ್ಬ ಆಂಟಿ ನನ್ನ ಕೆಲಸಕ್ಕೆ ಕಲ್ಲು ಹಾಕೋಕೆ ನೋಡಿದರು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಅಪ್ಪ ನಾಯಂಡಹಳ್ಳಿಯ ಗೋಡೌನಿನಲ್ಲಿ ಮೂಟೆ ಹೊತ್ತರು. ಅಮ್ಮ ಊದುಬತ್ತಿ ಹೊಸೆದಳು. ಅವಳು ಇವತ್ತಿಗೂ ಕೀರ್ತನೆ ಪುಸ್ತಕ ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಿರುತ್ತಾಳೆ, ಓದೋಕೆ ಬರಲ್ಲ. ನಾನು ಬಿ.ಎಡ್. ಮುಗಿಸಿದೆ. ಬಸವೇಶ್ವರನಗರದಲ್ಲಿ ನಾನು ತರಬೇತಿಯ ಪಾಠ ಮಾಡಿದ್ದ ಶಾಲೆಯವರೇ ಟೀಚರ್ ಕೆಲಸ ಕೊಡ್ತೀವಿ ಅಂದರು. ಚರ್ಚಿನಿಂದ ಒಂದು ನಡತೆ ಪತ್ರ ತರಬೇಕಿತ್ತು, ಅಷ್ಟೇ.

ಆ ವಾರ ಸೇರಿದ್ದು ಆರ್‌ಪಿಸಿ ಲೇಔಟಿನಲ್ಲಿರುವ ಆ ಆಂಟಿ ಮನೆಯಲ್ಲೇ. ಅಮ್ಮನೂ ನಾನೂ ಹೋದೆವು. ಆಂಟಿ ಬಾಗಿಲಲ್ಲೇ ನನ್ನನ್ನು ಅಪ್ಪಿಕೊಂಡರು. "ಬಾ ಚಿನ್ನ, ನಮ್ಮ ಚರ್ಚಿಗೇ ಹೆಮ್ಮೆ ಕಣೇ ನೀನು." ಅವರ ಮಗಳು ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟಿದ್ದಳು. ಅದನ್ನು ನಾನು ಒಂದು ದಿನವೂ ಎತ್ತಿ ಆಡಿದವಳಲ್ಲ.

ಪ್ರಾರ್ಥನೆ ಶುರುವಾಯಿತು. ಆಂಟಿ ಸರದಿ ಬಂತು.

"ಕರ್ತನೇ, ಇಲ್ಲೊಬ್ಬ ಮಗಳಿದ್ದಾಳೆ. ಟೀಚರ್ ಆಗೋಳು. ಆದರೆ ದಿನಕ್ಕೊಬ್ಬ ಗಂಡಸಿನ ಬೈಕ್ ಹತ್ತಿ ಹೋಗ್ತಾಳೆ ತಂದೆಯೇ! ಅವಳನ್ನ ಸರಿದಾರಿಗೆ ತಾ. ಅವಳ ಅಮ್ಮ ಓದು ಬರಹ ಇಲ್ಲದೋಳು, ಪಾಪ, ಅವಳಿಗೇನು ತಿಳಿಯುತ್ತೆ?"

ಜೊತೆಗೆ ಅಳು ಬೇರೆ. ಸುತ್ತಲೂ "ಆಮೆನ್, ಆಮೆನ್."

ಮೈ ಉರಿದುಹೋಯಿತು. ಅದು ಬೈಕ್ ಟ್ಯಾಕ್ಸಿ! ತರಬೇತಿಯ ಪಾಠಕ್ಕೆ ಎರಡು ಬಸ್ ಬದಲಾಯಿಸಿ ಹೋದರೆ ಮೊದಲ ಪೀರಿಯಡ್ ತಪ್ಪುತ್ತಿತ್ತು. ಮೊಬೈಲಿನಲ್ಲಿ ಕರೆದರೆ ಹತ್ತಿರ ಇರೋ ಯಾರೋ ಬರ್ತಾರೆ. ದಿನಾ ಒಬ್ಬನೇ ಬರೋಕೆ ಅವನೇನು ನಮ್ಮ ಮಾವನ ಮಗನಾ? ಆಂಟಿಗೆ ಇದು ಗೊತ್ತಿಲ್ಲದ್ದಲ್ಲ. ಅವರ ಫೋನಿಗೆ ಆ ಆಪ್ ಹಾಕಿಕೊಟ್ಟವಳೇ ನಾನು.

ಹಿಂದಿನ ಭಾನುವಾರ ತಾನೇ ಪಾಸ್ಟರ್ ಇದರ ಮೇಲೇ ಪ್ರಸಂಗ ಮಾಡಿದ್ದರು. ಒಳಗೆ ಹಗೆ ಇಟ್ಟುಕೊಂಡು ಹೊರಗೆ ನಯವಾಗಿ ಮಾತಾಡುವವರನ್ನು ಬೈಬಲ್ ಎಷ್ಟು ಖಾರವಾಗಿ ಬಯ್ಯುತ್ತದೆ, ಆ ಮೋಸ ಸಭೆಯ ಎದುರಿಗೇ ಹೇಗೆ ಬಯಲಿಗೆ ಬೀಳುತ್ತದೆ ಅಂತ. ಮುಂದಿನ ಸಾಲಿನಲ್ಲಿ ಕೂತು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರು ಇದೇ ಆಂಟಿ!

ಕಣ್ಣು ಬಿಟ್ಟೆ. ಎದುರಿಗೆ ಪಾಸ್ಟರ್ ಹೆಂಡತಿ ಹುಬ್ಬು ಗಂಟಿಕ್ಕಿ ಕೂತಿದ್ದರು. ಇವರು ಬೇಡ ಅಂದರೆ ಪಾಸ್ಟರ್ ಬರೆದುಕೊಡಲ್ಲ, ಪತ್ರ ಹೋಯಿತು ಅನ್ನಿಸಿತು. ಅಮ್ಮ ನನ್ನ ತೊಡೆ ಚಿವುಟಿ "ಸುಮ್ನಿರೇ" ಅಂದಳು. ನನ್ನ ಸರದಿ ಬಂದೇ ಬಂತು. ಕಣ್ಣು ಮುಚ್ಚಲಿಲ್ಲ.

"ಕರ್ತನೇ, ಆ ಮಗಳು ನಾನೇ. ನಾನು ಹತ್ತೋದು ಬೈಕ್ ಟ್ಯಾಕ್ಸಿ. ಆಂಟಿ ಮಗಳೂ ಅದರಲ್ಲೇ ಓಡಾಡ್ತಾಳೆ, ಅವಳದ್ದೂ ತಪ್ಪಿಲ್ಲ. ಇದೆಲ್ಲ ಗೊತ್ತಿದ್ದೂ ಆಂಟಿ ನಿನ್ನ ಹೆಸರು ಹಿಡ್ಕೊಂಡು ನನ್ನ ಮಾನ ಕಳೆದರು. ನಮ್ಮಮ್ಮನಿಗೆ ಓದೋಕೆ ಬರಲ್ಲ, ಆದರೆ ಅವಳು ಯಾರ ಮೇಲೂ ಸುಳ್ಳು ಹೇಳಿಲ್ಲ. ಆಮೆನ್."

ಒಬ್ಬರೂ ಆಮೆನ್ ಅನ್ನಲಿಲ್ಲ.

"ಅಯ್ಯೋ, ನಾನು ಯಾರ ಹೆಸರಾದ್ರೂ ಎತ್ತಿದ್ನಾ ಮಗಳೇ?" ಅಂದರು ಆಂಟಿ, ಸೆರಗಿನಲ್ಲಿ ಕಣ್ಣೊರೆಸುತ್ತಾ.

ಪಾಸ್ಟರ್ ಹೆಂಡತಿ ನನ್ನ ಕಡೆ ಕೈ ಚಾಚಿದರು. "ಫೋನ್ ಕೊಡಮ್ಮ, ನೋಡೋಣ." ಕೊಟ್ಟೆ. ಆಪಿನಲ್ಲಿ ನಾನು ಹೋದ ಸವಾರಿಗಳ ಪಟ್ಟಿ ಇತ್ತು: ದಿನವೂ ಅದೇ ಹೊತ್ತು, ನಾಯಂಡಹಳ್ಳಿಯಿಂದ ಶಾಲೆ ಗೇಟಿಗೆ. ಬೆರಳಲ್ಲಿ ಸರಿಸಿ ಸರಿಸಿ ನೋಡಿದರು. "ಸರಿ, ಭಾನುವಾರ ಬಂದು ಪತ್ರ ತಗೊಂಡು ಹೋಗು."

ಗೆದ್ದೆ ಅಂತ ಬೀಗಬೇಕಿತ್ತೇನೋ. ನನಗೆ ಸಿಟ್ಟೇ ಹೆಚ್ಚಾಯಿತು. ಪರೀಕ್ಷೆ ಆಗಿದ್ದು ನನ್ನ ಫೋನಿಗೆ. ಆಂಟಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವರು ಎದ್ದು ಹೋಗಿ ಟೀ ತಂದರು, ಎಲ್ಲರೂ ಕುಡಿದರು. ನಾನು ಮುಟ್ಟಲಿಲ್ಲ.

ಭಾನುವಾರ ಪತ್ರ ಸಿಕ್ಕಿತು. ಚರ್ಚಿನ ಮೆಟ್ಟಿಲ ಮೇಲೆ ಅದೇ ಆಂಟಿ ಎರಡೂ ಕೈ ಅಗಲಿಸಿ ಬಂದರು. "ನೋಡಿದ್ಯಾ ಚಿನ್ನ, ನನ್ನ ಪ್ರಾರ್ಥನೆ ದೇವರು ಕೇಳಿದ!"

"ಬೇಡ ಆಂಟಿ," ಅಂದೆ, ನಾಲ್ಕು ಜನಕ್ಕೆ ಕೇಳೋ ಹಾಗೆ. ಹಿಂದಕ್ಕೆ ಸರಿದೆ.

ಕ್ಷಮಿಸಿಬಿಡು ಅಂತ ಅಮ್ಮ ಈಗಲೂ ಹೇಳುತ್ತಾಳೆ. ಮೊದಲು ಅವರು ತಪ್ಪಾಯ್ತು ಅನ್ನಲಿ. ಅದೇ ಹೆಂಗಸರ ಮುಂದೆ, ಕಣ್ಣು ಬಿಟ್ಟುಕೊಂಡು.