ವಾರಗಿತ್ತಿಯ ಸೋಫಾ

ನನಗೆ ಹೊಟ್ಟೆಕಿಚ್ಚು ಒಸಿ ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮ್ಮ ಮುಂದೆ ಒಳ್ಳೆಯವಳ ಹಾಗೆ ನಟಿಸುವ ಕಷ್ಟ ತಪ್ಪುತ್ತದೆ. ಊರವರ ಮೇಲೆಲ್ಲ ಉರಿದುಕೊಳ್ಳುವಷ್ಟು ಪುರುಸೊತ್ತು ನನಗೆ ಯಾವತ್ತೂ ಇರಲಿಲ್ಲ ಬಿಡಿ. ಇದ್ದಬದ್ದ ಕಿಚ್ಚನ್ನೆಲ್ಲ ಒಬ್ಬಳ ಮೇಲೇ ಸುರಿದೆ. ಅವಳು ಸಾವಿತ್ರಿ, ನನ್ನ ಮೈದುನನ ಹೆಂಡತಿ. ಅಣ್ಣ ತಮ್ಮ ಭಾಗ ಆದಾಗ ದೊಡ್ಡ ಮನೆಯ ನಡುವೆ ಒಂದು ಗೋಡೆ ಎದ್ದಿತು. ಈ ಕಡೆ ನಾವು, ಆ ಕಡೆ ಅವರು. ಗೋಡೆ ಕಟ್ಟಿದ ಪುಣ್ಯಾತ್ಮ ಅದನ್ನು ಇನ್ನೊಂದು ಇಟ್ಟಿಗೆ ದಪ್ಪ ಕಟ್ಟಿದ್ದಿದ್ದರೆ ನಾನು ಇನ್ನಷ್ಟು ನೆಮ್ಮದಿಯಾಗಿ ಬದುಕುತ್ತಿದ್ದೆನೋ ಏನೋ. ಆ ಕಡೆ ಮಿಕ್ಸಿ ತಿರುಗಿದರೆ, ಈ ಕಡೆ ಒರಳುಕಲ್ಲಿನ ಮುಂದೆ ಕೂತ ನನ್ನ ಹೊಟ್ಟೆಯೊಳಗೇ ತಿರುಗಿದ ಹಾಗಾಗುತ್ತಿತ್ತು.

ನಮ್ಮೂರು ಕನಕಪುರದಿಂದ ಕೋಡಿಹಳ್ಳಿಗೆ ಹೋಗುವ ದಾರಿಯಲ್ಲಿದೆ. ರೇಷ್ಮೆಗೂಡಿಗೆ ಬಂದ ರೇಟು ನೋಡಿ ಜನ ರಾಗಿ ಹೊಲವನ್ನೆಲ್ಲ ಹಿಪ್ಪುನೇರಳೆ ತೋಟ ಮಾಡಿದ ಕಾಲ ಅದು. ಗಂಡಸರು ಗೂಡಿನ ಮೂಟೆ ಹಾಕಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗೋರು, ವಾಪಸು ಬರುವಾಗ ಬಸ್ಸಿನ ಟಾಪಿನ ಮೇಲೆ ಏನಾದರೊಂದು ಸಾಮಾನು ಇರಲೇಬೇಕು. ಬಸ್ಸು ನಿಂತರೆ ನಾವು ಹೆಂಗಸರು ಇಳಿದವರ ಮುಖ ನೋಡುತ್ತಿರಲಿಲ್ಲ, ಕತ್ತೆತ್ತಿ ಟಾಪ್ ನೋಡುತ್ತಿದ್ದೆವು. ಸಾವಿತ್ರಿಗೆ ಒಂದು ಬೆಳೆಗೆ ಮಿಕ್ಸಿ ಬಂತು, ಇನ್ನೊಂದಕ್ಕೆ ಟಿವಿ. ಆಮೇಲೆ ಗಾಜಿನ ಶೋಕೇಸು ಬಂತು, ಅದರ ತುಂಬ ಚನ್ನಪಟ್ಟಣದ ಬಣ್ಣದ ಬೊಂಬೆ. ಆ ಬೊಂಬೆಗಳನ್ನು ಅವಳ ಮಕ್ಕಳೂ ಮುಟ್ಟುವಂತಿರಲಿಲ್ಲ. ಕೊನೆಗೆ ಒಂದು ದಿನ ಸೋಫಾ ಇಳಿಯಿತು. ಕೆಂಪು ರೆಕ್ಸಿನ್ನಿನದು, ಹೊಸ ಮದುವಣಗಿತ್ತಿಯ ಹಾಗೆ ಮಿರಮಿರ ಮಿಂಚುತ್ತಿತ್ತು.

"ಕೂತ್ಕೊಳಕ್ಕ, ನೋಡು ಹೆಂಗೈತೆ" ಅಂದಳು ಸಾವಿತ್ರಿ.

"ನಂಗೆ ಬೆನ್ನುನೋವು ಕಣವ್ವ, ಮೆತ್ತಗಿರೋದು ಆಗಕಿಲ್ಲ" ಅಂದು ಕೂರದೇ ಬಂದೆ. ನನ್ನ ಬೆನ್ನಿಗೆ ಅವತ್ತಿನ ತನಕ ಏನೂ ಆಗಿರಲಿಲ್ಲ. ಅಂಥ ಸುಳ್ಳಿಗೆ ದೇವರು ಶಿಕ್ಷೆ ಕೊಡದೆ ಇರುತ್ತಾನೆಯೇ, ಈಗ ನಿಜವಾಗಿಯೂ ನೋಯುತ್ತದೆ.

ಇನ್ನು ನಮ್ಮ ಮನೆ ಕತೆ. ಭಾಗ ಆದ ದಿನವೇ ನಮ್ಮ ಯಜಮಾನರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು: "ಈ ಮನೆಗೆ ಹುಳಕ್ಕೆ ಬೇಕಾದ್ದು ಬರ್ಲಿ, ನಮ್ಮ ಹೊಟ್ಟೆಗೆ ಬೇಕಾದ್ದು ಬರ್ಲಿ. ಬ್ಯಾರೆ ಸಾಮಾನು ಬ್ಯಾಡ. ತಂದಿದ್ನೆಲ್ಲ ತಿರುಗ ಈಚೆಗೆ ಸಾಗ್ಸೋನು ಯಾವನು?" ಅವರು ಜುಗ್ಗರಲ್ಲ. ಮಕ್ಕಳ ಓದಿಗೆ, ಬಂದ ನೆಂಟರ ಊಟಕ್ಕೆ ಕೈ ಬಿಗಿ ಹಿಡಿದವರೇ ಅಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವೂ ಇತ್ತು. ಹುಳ ಸಾಕುವವರಿಗೆ ಬೇರೆ ಮನೆ ಎಲ್ಲಿ? ಹುಳ ದೊಡ್ಡದಾದ ಹಾಗೆಲ್ಲ ತಟ್ಟೆಗಳ ಸ್ಟ್ಯಾಂಡು ಸೂರು ಮುಟ್ಟುತ್ತದೆ, ಮನುಷ್ಯರಾದ ನಾವು ಜಗುಲಿಗೆ ಬರುತ್ತೇವೆ. ಒಳಗೆ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಮಲ್ಲಿಗೆ ಮುಡಿದು ಓಡಾಡುವಂತಿಲ್ಲ, ಹುಳಕ್ಕೆ ಯಾವ ಘಾಟೂ ಆಗುವುದಿಲ್ಲ. ಮನೆಯೊಳಗಿನ ದೊಡ್ಡಸ್ತಿಕೆಯೆಲ್ಲ ಹುಳಗಳದ್ದೇ, ನಾವು ಅವುಗಳ ಕೈಕೆಳಗಿನ ಆಳುಗಳು. ಮಕ್ಕಳು ಅಪ್ಪನ ಮಾತಿಗೆ ಹೂಂ ಅಂದರು. ನಾನೂ ಜೋರಾಗಿ ಹೂಂ ಅಂದೆ. ಹೊಟ್ಟೆಕಿಚ್ಚಿನವರು ಹೂಂ ಅನ್ನುವಾಗ ಯಾವಾಗಲೂ ಒಸಿ ಜೋರಾಗಿಯೇ ಅನ್ನುತ್ತಾರೆ, ಗಮನಿಸಿ ನೋಡಿ.

ಸೊಪ್ಪು ಹಾಕುತ್ತಾ ಹಾಕುತ್ತಾ ನಮ್ಮವರಿಗೆ ವೇದಾಂತ ಬರುತ್ತಿತ್ತು. "ನೋಡು, ಈ ಹುಳ ತಿನ್ನೋ ಗಂಟ ಯಾರೂ ಅದ್ರ ತಂಟೆಗೆ ಹೋಗಕಿಲ್ಲ. ಯಾವಾಗ ಮೈ ಸುತ್ತ ಒಂದು ಮನೆ ಕಟ್ಕೊಂಡು ಬೆಚ್ಚಗೆ ಕೂತ್ಕತ್ತೋ, ಆಗ ತಗಂಡೋಗಿ ಬಿಸಿನೀರಿಗೆ ಹಾಕ್ತಾರೆ" ಅನ್ನೋರು. ಚೆನ್ನಾಗಿಯೇ ಇದೆ ಮಾತು. ಆದರೆ ನನ್ನ ತಲೆ ಅಡ್ಡಡ್ಡ ಓಡುತ್ತದೆ. ಲೋಕದವರೆಲ್ಲ ನಮ್ಮ ಯಜಮಾನರ ಹಾಗೆ ಸಾಮಾನೇ ಬೇಡ ಅಂದುಬಿಟ್ಟರೆ ರೇಷ್ಮೆ ಸೀರೆ ಕೊಳ್ಳುವವರು ಯಾರು? ಯಾವ ಊರಲ್ಲೋ ಯಾವಳೋ ಒಬ್ಬಳು ಪಕ್ಕದ ಮನೆಯವಳ ಸೀರೆ ನೋಡಿ ಉರಿದುಕೊಂಡು ಅಂಥದ್ದೇ ಬೇಕು ಅಂತ ಗಂಡನ ಪ್ರಾಣ ತಿಂದಿದ್ದಕ್ಕೆ ತಾನೇ ನಮ್ಮ ಒಲೆ ಉರಿಯುತ್ತಿರುವುದು? ಹೊಟ್ಟೆಕಿಚ್ಚು ಇಲ್ಲದಿದ್ದರೆ ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ ನಾಲ್ಕೂ ತಾಲೂಕಿಗೆ ಮತ್ತೆ ರಾಗಿಯೇ ಗತಿ. ಇದನ್ನು ಅವರ ಮುಂದೆ ಹೇಳಿದೆ. "ಸುಮ್ಕೆ ಸೊಪ್ಪಾಕು" ಅಂದರು.

ಹೀಗೆ ನಾನು ಗೋಡೆಯ ಈ ಕಡೆ ತಣ್ಣಗೆ ಉರಿದುಕೊಂಡಿದ್ದಾಗ ಸಾವಿತ್ರಿಯ ಬೆಳೆ ಕೆಟ್ಟಿತು. ಹುಳ ಪೊರೆ ಬಿಡಲು ಊಟ ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದು ಗಬಗಬ ತಿನ್ನಬೇಕಾದ ಹುಳಗಳು ಹಸಿರು ಕಕ್ಕಿಕೊಂಡು, ಮುರುಟಿಕೊಂಡು ಸತ್ತವು. ಅದೇ ಮೊಟ್ಟೆ ತಂದಿದ್ದ ನಮ್ಮ ಮನೆಯಲ್ಲಿ ಹುಳ ಗುಂಡುಕಲ್ಲಿನ ಹಾಗಿದ್ದವು. ಬೀದಿಗೆ ಇನ್ನೇನು ಬೇಕು? ಕಣ್ಣು ಬಿದ್ದೈತೆ ಅಂದರು. ಯಾರ ಕಣ್ಣು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಾನು ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಸಾವಿತ್ರಿ ಬಾಗಿಲಿಗೆ ಬೂದುಗುಂಬಳ ಕಟ್ಟಿದಳು. ನಾನು ಕಂಡರೆ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದಳು. ನನ್ನ ಮಕ್ಕಳು ಟಿವಿ ನೋಡಲು ಹೋದರೆ "ಕರೆಂಟಿಲ್ಲ ಹೋಗ್ರಪ್ಪ" ಅಂದಳಂತೆ, ಹಿಂದೆ ಟಿವಿ ಹಾಡುತ್ತಿತ್ತಂತೆ.

ಬೇರೆಯವಳಾಗಿದ್ದರೆ ಬೀದಿಗೆ ನಿಂತು ಜಗಳ ಮಾಡುತ್ತಿದ್ದಳು. ನಾನು ಮಾಡಲಿಲ್ಲ. ಯಾಕೆ ಅಂದರೆ ನನಗೇ ಅನುಮಾನ. ಅವಳ ಸೋಫಾ ನೋಡಿ ನಾನು ಉರಿದಿದ್ದು ನಿಜ, ಅದು ಹಾಳಾಗಿಹೋಗಲಿ ಅಂತ ಮನಸ್ಸಿನಲ್ಲಿ ಅಂದಿದ್ದೂ ನಿಜ. ಹೊಟ್ಟೆಯಲ್ಲಿ ಹುಟ್ಟಿದ್ದು ಕಣ್ಣಿನ ದಾರಿಯಲ್ಲಿ ಹೊರಟು ಆ ಬಡಪಾಯಿ ಹುಳಗಳಿಗೆ ತಾಕಿತೇ? ನನ್ನ ಕೈ ಸೋಕಿದ ನಮ್ಮ ತಟ್ಟೆಗಳನ್ನು ನೋಡಲೂ ಭಯವಾಗತೊಡಗಿತು. ಸೊಪ್ಪು ಹಾಕುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹಾಕುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಕನ್ನಡಿಯಲ್ಲಿ ನನ್ನ ಕಣ್ಣು ನಾನೇ ನೋಡಿಕೊಂಡು ಹೆದರಿದ್ದೂ ಉಂಟು.

ಮುಂದಿನ ಬೆಳೆಯಲ್ಲೂ ಹುಳ ಹಾಗೇ ಸಾಯತೊಡಗಿದವು. ಗೋಡೆಯಾಚೆ ಸಾವಿತ್ರಿ ಅಳುವುದು ಕೇಳಿಸಿ ನಮ್ಮವರು ಎದ್ದು ಓಡಿದರು. ನಾನೂ ಹಿಂದೆಯೇ ಹೋದೆ. ಅವಳು ಬಾಗಿಲಿಗೆ ಅಡ್ಡ ನಿಂತು, "ಬಾವ, ನೀವು ಬನ್ನಿ. ಅಕ್ಕ, ನೀನು ಅಲ್ಲೇ ಇರು, ನಿಂಗೆ ಕೈ ಮುಗೀತೀನಿ" ಅಂದುಬಿಟ್ಟಳು. ಅಳು ಬಂದು, ಎಲ್ಲಿ ಅಂತ ನೋಡದೆ, ಅವಳ ಜಗುಲಿಯಲ್ಲೇ ಕೂತುಬಿಟ್ಟೆ.

ಕೂತಿದ್ದು ಸೋಫಾದ ಒಂದು ತುದಿಯ ಮೇಲೆ. ಹುಳಕ್ಕೆ ಜಾಗ ಬಿಡಲು ಅದನ್ನು ಹೊರಗೆ ಹಾಕಿದ್ದರು. ಜಗುಲಿ ಪೂರ್ತಿ ಅದೇ ತುಂಬಿದ್ದರಿಂದ ತೋಟದಿಂದ ತಂದ ಸೊಪ್ಪಿನ ಹೊರೆಯನ್ನೂ ಅದರ ಮೇಲೇ ಸುರಿದು, ಒದ್ದೆ ಗೋಣಿ ಹೊದಿಸಿದ್ದರು. ಕಣ್ಣೀರು ಒರೆಸಿಕೊಳ್ಳಲು ಸೆರಗು ಎತ್ತಿದರೆ ಗಪ್ಪನೆ ಒಂದು ಘಾಟು ಹೊಡೆಯಿತು. ನೋಡಿದರೆ ಕೈಗೆಲ್ಲ ಬಿಳಿ ಪುಡಿ. ಸೋಫಾದ ಸಂದಿಸಂದಿಯಲ್ಲೂ ಪುಡಿ, ಮೇಲಿದ್ದ ಸೊಪ್ಪಿಗೂ ಮೆತ್ತಿಕೊಂಡಿತ್ತು.

"ಸಾವಿತ್ರಿ! ಏನೇ ಹಾಕಿದ್ದೀಯ ಇದುಕ್ಕೆ?" ಅಂತ ಕೂಗಿದೆ.

"ತಿಗಣೆ ಪುಡಿ ಕಣಕ್ಕ. ಟಿವಿ ನೋಡಕ್ಕೆ ಊರೋರೆಲ್ಲ ಬಂದು ಕೂತು ಕೂತು ತಿಗಣೆ ಆಗೋಗಿದ್ವು" ಅಂದವಳು, ಸೊಪ್ಪಿನ ಮೇಲಿನ ಪುಡಿ ನೋಡಿ ಹಾಗೇ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ನಮ್ಮವರು ಒಂದು ಎಲೆ ಮೂಸಿ ನೋಡಿ ಹೊರೆಯನ್ನೆಲ್ಲ ತಿಪ್ಪೆಗೆ ಎಸೆದರು. ನಮ್ಮ ಜಗುಲಿಯ ಬರೀ ನೆಲದ ಮೇಲೆ ಹರವಿದ್ದ ಸೊಪ್ಪನ್ನು ನಾನು ಬಾಚಿ ಬಾಚಿ ಅವಳ ಮನೆಗೆ ಹೊತ್ತೆ. ಈ ಸಲ ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಅರ್ಧ ಬೆಳೆ ಹೋಯಿತು, ಇನ್ನರ್ಧ ಉಳಿಯಿತು.

ನನ್ನ ಮೇಲಿನ ಅಪವಾದ ಹೋಯಿತಲ್ಲ, ಕುಣಿದಾಡಬೇಕಿತ್ತು. ಕುಣಿದೆ ಕೂಡ. ಆದರೆ ಕೈಕಾಲು ತೊಳೆದುಕೊಂಡು ಕೂತಾಗ ಒಂದು ಥರಾ ಬೇಜಾರಾಯಿತು. ಅಷ್ಟು ವರ್ಷ ಊಟ ನಿದ್ದೆ ಬಿಟ್ಟು ಉರಿದುಕೊಂಡಿದ್ದೆನಲ್ಲ, ಆ ಹೊಟ್ಟೆಕಿಚ್ಚಿಗೆ ಒಂದು ಹುಳವನ್ನು ಸಾಯಿಸುವ ಶಕ್ತಿಯೂ ಇರಲಿಲ್ಲವೇ? ಅಂಗಡಿಯಲ್ಲಿ ಸಿಗುವ ತಿಗಣೆ ಪುಡಿಗಿಂತ ಕಡೆಯಾಯಿತೇ ನನ್ನ ಕಣ್ಣು?

ಹುಳ ಹಣ್ಣಾಗಿ ಗೂಡು ಕಟ್ಟಲು ಶುರುಮಾಡಿದ ಮೇಲೆ ಒಂದು ಮಧ್ಯಾಹ್ನ ಸಾವಿತ್ರಿ ನಮ್ಮ ಜಗುಲಿಗೆ ಬಂದು ಕಾಲು ಚಾಚಿ ಕೂತಳು. ಅಪರೂಪಕ್ಕೆ ಇಬ್ಬರೂ ಎಲೆಯಡಿಕೆ ಹಾಕಿಕೊಂಡೆವು. ಅವಳು ಒಳಗೆಲ್ಲ ಕಣ್ಣಾಡಿಸಿ ಉಸ್ಸಪ್ಪಾ ಅಂದಳು.

"ನಂಗೆ ಬೆಳೆ ಬೆಳೆಗೂ ಬೀರು ಎಳೆಯೋದು, ಶೋಕೇಸು ಎತ್ತೋದು, ಬೊಂಬೆ ಒರೆಸೋದು, ಇದೇ ಆಗೋಯ್ತು. ನಿನ್ನ ಮನೆ ನೋಡು, ಕಸ ಗುಡಿಸಕ್ಕೆ ಒಂದು ಗಳಿಗೆ ಸಾಕು. ನೆಲದ ಮೇಲೆ ಗಾಳಿ ಓಡಾಡ್ತೈತೆ. ನಿಜ ಹೇಳ್ತೀನಿ ಕಣಕ್ಕ, ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತೈತೆ."

ಆಹಾ! ನನ್ನ ಜೀವಮಾನದಲ್ಲಿ ಅಂಥ ಸಿಹಿ ಮಾತನ್ನು ನಾನು ಕೇಳಿರಲಿಲ್ಲ. ಮನೆಯೊಳಗೆ ಏನೂ ಇಲ್ಲದಿರುವುದು ಇಷ್ಟು ಸುಖ ಕೊಡುತ್ತದೆಂದು ನಮ್ಮವರು ಎಷ್ಟು ವರ್ಷ ಹೇಳಿದರೂ ತಲೆಗೆ ಹೋಗಿರಲಿಲ್ಲ, ಸಾವಿತ್ರಿಯ ಒಂದೇ ಮಾತಿಗೆ ಹೋಯಿತು.

"ನಾಳೆನೂ ಬತ್ತೀನಿ ಕಣಕ್ಕ, ಇಲ್ಲಿ ಕೂತ್ರೆ ಮನಸಿಗೆ ಹಾಯಾಗ್ತೈತೆ" ಅಂತ ಹೇಳಿ ಹೋದಳು. ಮಾರನೇ ದಿನ ಅವಳು ಬರುವಷ್ಟರಲ್ಲಿ, ನಡುಮನೆಯ ಮೂಲೆಯಲ್ಲಿದ್ದ ಒಂದೇ ಒಂದು ಕಬ್ಬಿಣದ ಟ್ರಂಕನ್ನೂ ಏದುಸಿರು ಬಿಡುತ್ತಾ ಅಟ್ಟಕ್ಕೆ ಏರಿಸಿದೆ. ಮನೆ ಇನ್ನೂ ಒಸಿ ಖಾಲಿ ಕಾಣಲಿ ಅಂತ.